ಹೊಸ ಬ್ರೇಕು ಪಳಗಬೇಕು

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಾನು ತಮ್ಮನ ಮನೆಗೆಂದು ಕಸಬೆ ಡಿಗ್ರಜಕ್ಕೆ ಹೋಗಿದ್ದೆ. ಈ ಊರಿನ ಹೆಸರನ್ನು ನಮ್ಮ ಕಡೆಯವರಲ್ಲಿ ಹೆಚ್ಚಿನವರು ಕೇಳಿರಲಾರರು. ಮಿರಜ ಜಂಕ್ಷನ್ನಿನಲ್ಲಿ ರೈಲಿಳಿದು, ಸಾಂಗ್ಲಿ ಪೇಟೆಯನ್ನು ಹಾದು, ಕೃಷ್ಣಾ ನದಿಯನ್ನು ದಾಟಿ ಆಷ್ಟಾದ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಊರಿದು. ಸುತ್ತಲೂ ಕಪ್ಪು ಮಣ್ಣು, ಕಬ್ಬು, ಅರಿಶಿನ. ಅರಿಶಿನ ಮತ್ತು ಸೋಯಾ ಅವರೆಯ ಬೆಳೆಗಳ ಕೆಲಸಕ್ಕೆ ಹೆಸರಾದ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಸಂಶೋಧನಾ ಕೇಂದ್ರವೊಂದು ಇಲ್ಲಿದೆ. ನಮ್ಮ ಕಾಸರಗೋಡಿನ ಹಾಗೆ ಗುಡ್ಡ ಏರಿ ಕಣಿವೆಗೆ ಇಳಿಯುವ ದಾರಿಗಳು ಇಲ್ಲಿಲ್ಲ. ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ನೆಲ. ಸೈಕಲಿಗೆ ಹೇಳಿ ಮಾಡಿಸಿದ ಊರು ಎನ್ನಬೇಕು.

ಬ್ಯಾಂಕಿನ ವರ್ಗಾವಣೆಯಿಂದಾಗಿ ನನ್ನ ತಮ್ಮನ ಸಂಸಾರ ಮೂರು ವರ್ಷಗಳಿಂದ ಅಲ್ಲಿದೆ. ಅವನ ಮಗಳು ಒಂಬತ್ತನೆಯ ತರಗತಿ. ಸಾಂಗ್ಲಿಯ ಶಾಲೆಗೆ ಹೋಗಿ ಬರಲು ಅವಳಿಗೊಂದು ಹೊಸ ಸೈಕಲ್ ತಂದಿದ್ದರು. ಈಗಿನ ಮಕ್ಕಳು ಆಸೆಪಡುವ ಮಾದರಿಯದ್ದು. ದಪ್ಪ ಟಯರು, ಮುಂದಿನ ಹಾಗೂ ಹಿಂದಿನ ಚಕ್ರದ ನಡುವೆ ಹೊಳೆಯುವ ಉಕ್ಕಿನ ಬಿಲ್ಲೆ, ಅಂದರೆ ಡಿಸ್ಕ್ ಬ್ರೇಕು.

ನಾನು ಹೋದ ಮರುದಿನವೇ ಒಂದು ಘಟನೆ ನಡೆಯಿತು. ಅದು ಕಬ್ಬು ಕಡಿಯುವ ಕಾಲ. ಒಂದು ಟ್ರ್ಯಾಕ್ಟರು ಎರಡೆರಡು ಟ್ರೇಲರುಗಳಲ್ಲಿ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗುವ ಹೊತ್ತು. ಗದ್ದೆಯ ದಾರಿಯಿಂದ ದೊಡ್ಡ ರಸ್ತೆಗೆ ಬರುವ ಮೂಲೆಯಲ್ಲಿ ಹುಡುಗಿ ಅಂತಹದೊಂದು ಟ್ರ್ಯಾಕ್ಟರನ್ನು ಕಂಡು ಎರಡೂ ಬ್ರೇಕುಗಳನ್ನು ಬಲವಾಗಿ ಒತ್ತಿದಳು. ಸೈಕಲ್ ನಿಲ್ಲಲಿಲ್ಲ. ವೇಗ ತುಸು ತಗ್ಗಿತು, ಅಷ್ಟೆ. ಅವಳು ಕಾಲನ್ನು ನೆಲಕ್ಕೆ ಊರಿ, ಹಿಡಿಯನ್ನು ತಿರುಗಿಸಿ, ಅರಿಶಿನದ ಗದ್ದೆಯೊಳಗೆ ಬಿದ್ದಳು. ಮೊಣಕಾಲು ತರಚಿತು, ಚಪ್ಪಲಿ ಹರಿಯಿತು. ಟ್ರ್ಯಾಕ್ಟರು ಹಾರ್ನು ಹಾಕುತ್ತ ಮುಂದೆ ಹೋಯಿತು. ಅಷ್ಟಕ್ಕೇ ಮುಗಿಯಿತು ಎಂಬುದೇ ಪುಣ್ಯ.

“ಬ್ರೇಕು ಹಿಡಿಯಲೇ ಇಲ್ಲ ದೊಡ್ಡಪ್ಪ” ಎಂದು ಅವಳು ಅಳುತ್ತ ಹೇಳಿದಳು. ತಮ್ಮನಿಗೆ ಸಿಟ್ಟು. ಇಷ್ಟು ಹಣ ಕೊಟ್ಟು ತಂದ ಸೈಕಲಿನ ಬ್ರೇಕು ಎರಡನೆಯ ದಿನವೇ ಹೀಗಾದರೆ ಹೇಗೆ, ಅಂಗಡಿಗೆ ಹಿಂದೆ ಕೊಟ್ಟು ಬರುತ್ತೇನೆ ಎಂದು ಹೊರಟ. ಅದಕ್ಕೆ ಮೊದಲು ಊರಿನ ಸೈಕಲ್ ರಿಪೇರಿಯವರಿಗೊಮ್ಮೆ ತೋರಿಸೋಣ ಎಂದು ನಾನೇ ತಡೆದೆ.

ಅನುಭವಿಯ ಮಾತು

ರಿಪೇರಿಯವರು ಅರುವತ್ತು ದಾಟಿದವರು. ತಾಯಿಯ ಊರು ಜತ್ತ ತಾಲೂಕು. ಆ ತಾಲೂಕಿನಲ್ಲಿ ಕನ್ನಡ ಮನೆಮಾತಿನ ಹಳ್ಳಿಗಳು ಹಲವಿವೆ, ಕನ್ನಡ ಶಾಲೆಗಳೂ ಇವೆ. ನಾವು ಕನ್ನಡ ಮಾತಾಡುವುದನ್ನು ಕೇಳಿ ಅವರು ಮರಾಠಿಯನ್ನು ಬಿಟ್ಟು ತಮ್ಮ ಕನ್ನಡಕ್ಕೆ ಬಂದರು. ಮೊದಲು ತಂತಿಯ ಬಿಗಿಯನ್ನು ನೋಡಿದರು. ಚಕ್ರವನ್ನು ತಿರುಗಿಸಿ ಬಿಲ್ಲೆ ನೇರವಾಗಿದೆಯೇ, ಇಕ್ಕಳದ ಸರಿಮಧ್ಯದಲ್ಲಿ ಓಡುತ್ತಿದೆಯೇ ಎಂದು ಬಗ್ಗಿ ನೋಡಿದರು. ಚಕ್ರದ ನಟ್ಟು ಬಿಗಿಯಾಗಿದೆಯೇ ಎಂದು ಪರೀಕ್ಷಿಸಿದರು. ಎಲ್ಲವೂ ಸರಿಯಾಗಿತ್ತು.

“ಬ್ರೇಕ್ ಕೆಟ್ಟಿಲ್ರಿ ಸರ. ಇನ್ನ ಕಚ್ಚಾ ಐತಿ. ಪಳಗಬೇಕ್ರಿ ಅದು” ಎಂದರು. ತಂದ ದಿನ ಯಾರಾದರೂ ಓಡಿಸಿ ಪಳಗಿಸಿದರೋ ಎಂದು ಕೇಳಿದರು. ಇಲ್ಲವೆಂದೆವು. ಅಂಗಡಿಯಲ್ಲಿ ಏನಾದರೂ ಹೇಳಿದರೋ ಎಂದು ಕೇಳಿದರು. ಮರಾಠಿಯಲ್ಲಿ ಏನೇನೋ ಹೇಳಿದ್ದರು, ಅವಸರದಲ್ಲಿ ತಲೆಯಾಡಿಸಿ ಬಂದೆವು ಎಂದು ತಮ್ಮ ಒಪ್ಪಿಕೊಂಡ.

ಮನೆಗೆ ಬಂದು ಸೈಕಲಿನ ಜೊತೆಗೆ ಕೊಟ್ಟ ಕಾಗದವನ್ನು ಹುಡುಕಿ ತೆಗೆದೆ. ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಪರದೇಶದ ಹಲವು ಭಾಷೆಗಳು. ನಮ್ಮ ದೇಶದ ಒಂದು ಭಾಷೆಯೂ ಇರಲಿಲ್ಲ. ಇಂಗ್ಲಿಷಿನ ಭಾಗವನ್ನು ಕನ್ನಡಕ ಏರಿಸಿಕೊಂಡು ಓದಿದರೆ ರಿಪೇರಿಯವರು ಹೇಳಿದ ಮಾತೇ ಅಲ್ಲಿತ್ತು. ಹೊಸ ಬ್ರೇಕು ಪೂರ್ತಿ ಶಕ್ತಿಗೆ ಬರಬೇಕಾದರೆ ಮೊದಲು ಅದನ್ನು ಕ್ರಮವಾಗಿ ಬಳಸಿ ಹದಕ್ಕೆ ತರಬೇಕು, ಅಲ್ಲಿಯ ತನಕ ಜಾಗ್ರತೆಯಿಂದಿರಬೇಕು ಎಂದು. ಜೀವಕ್ಕೆ ಸಂಬಂಧಿಸಿದ ಮಾತು ಯಾರೂ ಓದದ ಕಾಗದದಲ್ಲಿ ಮಡಚಿಕೊಂಡು ಕುಳಿತಿತ್ತು.

ಡಿಸ್ಕ್ ಬ್ರೇಕೆಂದರೇನು?

ನಮ್ಮ ಕಾಲದ ಸೈಕಲುಗಳಲ್ಲಿ ಕಬ್ಬಿಣದ ಕಡ್ಡಿಗಳ ಬ್ರೇಕು. ಹಿಡಿಯನ್ನು ಎತ್ತಿದರೆ ಕಡ್ಡಿ ಎಳೆದು, ರಬ್ಬರಿನ ಗುಂಡುಗಳು ಚಕ್ರದ ರಿಮ್ಮಿಗೆ ಒಳಗಿನಿಂದ ಒತ್ತುತ್ತಿದ್ದುವು. ಮಳೆಗಾಲದಲ್ಲಿ ರಿಮ್ಮು ಒದ್ದೆಯಾದರೆ ಬ್ರೇಕು ಇದ್ದೂ ಇಲ್ಲದಂತೆ. ಆಗ ನಮಗೆ ಚಪ್ಪಲಿಯೇ ಬ್ರೇಕು. ಡಿಸ್ಕ್ ಬ್ರೇಕಿನಲ್ಲಿ ರಿಮ್ಮಿಗೆ ಕೆಲಸವಿಲ್ಲ. ಚಕ್ರದ ಗುಂಭಕ್ಕೆ ತೆಳುವಾದ ಉಕ್ಕಿನ ಬಿಲ್ಲೆಯೊಂದನ್ನು ಬಿಗಿದಿರುತ್ತಾರೆ. ಸಾಮಾನ್ಯವಾಗಿ 160 ಮಿಲಿಮೀಟರು ಅಗಲ, ಎರಡು ಮಿಲಿಮೀಟರಿಗೂ ಕಡಿಮೆ ದಪ್ಪ. ಅದರ ಎರಡು ಬದಿಗೂ ಇಕ್ಕಳದಂತಹ ಸಾಧನ, ಇಕ್ಕಳದ ಬಾಯಲ್ಲಿ ಎರಡು ಪ್ಯಾಡುಗಳು. ಹಿಡಿ ಒತ್ತಿದರೆ ಪ್ಯಾಡುಗಳು ಬಿಲ್ಲೆಯನ್ನು ಅಮುಕಿ ಹಿಡಿಯುತ್ತವೆ. ಕಡಿಮೆ ಬೆಲೆಯ ಸೈಕಲುಗಳಲ್ಲಿ ಒತ್ತುವ ಕೆಲಸವನ್ನು ತಂತಿ ಮಾಡುತ್ತದೆ, ಬೆಲೆಬಾಳುವುದರಲ್ಲಿ ಕೊಳವೆಯೊಳಗಿನ ಎಣ್ಣೆ.

ಇದೇನೂ ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರರು 1902ರಲ್ಲಿಯೇ ಮೋಟಾರು ಕಾರಿಗೆಂದು ಡಿಸ್ಕ್ ಬ್ರೇಕಿನ ಪೇಟೆಂಟ್ ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಓಟದಲ್ಲಿ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಕಾರು ಗೆದ್ದ ಮೇಲೆ ಲೋಕದ ಕಣ್ಣು ಅತ್ತ ತಿರುಗಿತು. ಕಾರಿನಿಂದ ಮೋಟಾರು ಸೈಕಲಿಗೆ, ಅಲ್ಲಿಂದ ಗುಡ್ಡಗಾಡಿನ ಸೈಕಲಿಗೆ ಇಳಿದು, ಕೊನೆಗೆ ನಮ್ಮ ಮಕ್ಕಳ ಸೈಕಲಿಗೂ ಬಂತು. ರಸ್ತೆಯ ಪಂದ್ಯಗಳಲ್ಲಿ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟವು ಇದಕ್ಕೆ ಪೂರ್ಣ ಅನುಮತಿ ಕೊಟ್ಟದ್ದು 2018ರಲ್ಲಿ.

ದೋಸೆ ಕಾವಲಿಯ ಪಾಠ

ಹೊಸತಾದ್ದರಿಂದಲೇ ಚೆನ್ನಾಗಿ ಹಿಡಿಯಬೇಕಲ್ಲವೆ, ಹೊಸ ಬ್ರೇಕು ಯಾಕೆ ಹಿಡಿಯುವುದಿಲ್ಲ ಎಂದು ಹುಡುಗಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ನಾನು ಅವಳ ಅಜ್ಜಿಯ ಕಾವಲಿಯನ್ನು ನೆನಪಿಸಿದೆ. ಹೊಸ ಕಬ್ಬಿಣದ ಕಾವಲಿಯಲ್ಲಿ ಮೊದಲ ದಿನವೇ ದೋಸೆ ಹೊಯ್ದರೆ ಏಳುತ್ತದೆಯೇ? ಇಲ್ಲ. ಅದನ್ನು ತೊಳೆದು, ಕಾಯಿಸಿ, ಎಣ್ಣೆ ಸವರಿ, ಆರಿಸಿ, ಮತ್ತೆ ಕಾಯಿಸಿ ಪಳಗಿಸುತ್ತೇವೆ. ಆಗ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಕುಳಿತುಕೊಳ್ಳುತ್ತದೆ. ಕೆಲಸ ಮಾಡುವುದು ಆ ಪದರ.

ಬ್ರೇಕಿನಲ್ಲಿಯೂ ಹಾಗೆಯೇ. ಕಾರ್ಖಾನೆಯಿಂದ ಬಂದ ಬಿಲ್ಲೆಯೂ ಪ್ಯಾಡೂ ಕಣ್ಣಿಗೆ ನುಣುಪು, ಆದರೆ ಒಂದಕ್ಕೊಂದು ಅಪರಿಚಿತ. ಸೂಕ್ಷ್ಮವಾಗಿ ನೋಡಿದರೆ ಎರಡರ ಮೈಯೂ ಏರುತಗ್ಗು. ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ ತಾಗುತ್ತದೆ. ಹಿತಮಿತವಾಗಿ ಬ್ರೇಕು ಹಾಕುತ್ತ ಹೋದಂತೆ ಶಾಖದಿಂದ ಪ್ಯಾಡಿನ ಅಂಶ ಸ್ವಲ್ಪ ಸ್ವಲ್ಪವಾಗಿ ಬಿಲ್ಲೆಯ ಮೇಲೆ ಸಮನಾಗಿ ಅಂಟುತ್ತದೆ. ಪ್ಯಾಡು ಕೂಡ ಬಿಲ್ಲೆಯ ಮೈಗೆ ತಕ್ಕಂತೆ ಸವೆಯುತ್ತದೆ. ಆ ಮೇಲೆ ಪ್ಯಾಡು ಹಿಡಿಯುವುದು ಬರಿಯ ಉಕ್ಕನ್ನಲ್ಲ, ತನ್ನದೇ ಜಾತಿಯ ಪದರವನ್ನು. ಆಗಲೇ ಹಿಡಿತ ಬರುವುದು.

ಒಂದು ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಕಾವಲಿಗೆ ಎಣ್ಣೆ ಬೇಕು, ಬ್ರೇಕಿಗೆ ಎಣ್ಣೆಯ ವಾಸನೆಯೂ ಆಗದು. ಪ್ಯಾಡು ಎಣ್ಣೆ ಕುಡಿಯಿತೆಂದರೆ ಅದನ್ನು ಎಸೆದು ಹೊಸತು ಹಾಕುವುದೇ ಲೇಸು.

ನಾವು ಮಾಡಿದ ಕ್ರಮ

ಮರುದಿನ ಬೆಳಗ್ಗೆ ಏಳು ಗಂಟೆಗೆ ಊರ ಹೊರಗಿನ ನೇರ ರಸ್ತೆಗೆ ಹೋದೆವು. ರಿಪೇರಿಯವರೂ ಬಂದರು. ಹುಡುಗಿಯ ತಾಯಿ ಆಗಷ್ಟೆ ಅವಳ ತಲೆಗೆ ತೆಂಗಿನೆಣ್ಣೆ ಹಾಕಿ ಜಡೆ ಹೆಣೆದಿದ್ದಳು. ಆ ಕೈಯಿಂದ ಬಿಲ್ಲೆಯನ್ನು ಮುಟ್ಟಬೇಡ ಎಂದು ಸೋಪಿನಲ್ಲಿ ಕೈ ತೊಳೆಸಿದೆವು. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಶುಭ್ರವಾದ ಬಟ್ಟೆಗೆ ಹಾಕಿ ಎರಡೂ ಬಿಲ್ಲೆಗಳನ್ನು ಒರಸಿದೆವು. ಬಟ್ಟೆ ಕಪ್ಪಾಯಿತು. ಅಂಗಡಿಯ ಧೂಳು, ಕೈಯ ಜಿಡ್ಡು ಎಲ್ಲವೂ ಅದರಲ್ಲಿತ್ತು.

ಆ ಮೇಲೆ ಕ್ರಮ ಹೀಗೆ. ಮೊದಲು ಹಿಂದಿನ ಬ್ರೇಕು ಮಾತ್ರ. ಸೈಕಲನ್ನು ಗಂಟೆಗೆ ಸುಮಾರು ಇಪ್ಪತ್ತು ಕಿಲೋಮೀಟರು ವೇಗಕ್ಕೆ ತಂದು, ಸಮನಾದ ಒತ್ತಡದಿಂದ, ಗಟ್ಟಿಯಾಗಿ ಬ್ರೇಕು ಹಿಡಿದು, ನಡಿಗೆಯ ವೇಗದ ತನಕ ಇಳಿಸುವುದು. ಪೂರ್ತಿ ನಿಲ್ಲಿಸಬಾರದು. ಬಿಸಿಯಾದ ಪ್ಯಾಡು ನಿಂತ ಬಿಲ್ಲೆಯ ಮೇಲೆ ಒಂದೇ ಕಡೆ ಒತ್ತಿ ಕುಳಿತರೆ ಅಲ್ಲಿ ಮಾತ್ರ ದಪ್ಪನೆಯ ಮಚ್ಚೆ ಬಿದ್ದು, ಮುಂದೆ ಬ್ರೇಕು ಹಾಕಿದಾಗಲೆಲ್ಲ ಅದುರುತ್ತದೆ. ಚಕ್ರ ಜಾರುವಂತೆ ಬಿಗಿಯಲೂಬಾರದು. ನಡಿಗೆಯ ವೇಗಕ್ಕೆ ಬಂದೊಡನೆ ಹಿಡಿ ಬಿಟ್ಟು ಮತ್ತೆ ತುಳಿದು ವೇಗ ಪಡೆಯಬೇಕು, ಮತ್ತೆ ಇಳಿಸಬೇಕು. ಹೀಗೆ ಇಪ್ಪತ್ತು ಸಲ. ಅನಂತರ ಮುಂದಿನ ಬ್ರೇಕಿಗೂ ಅಷ್ಟೇ. ಅದು ಮುಗಿದ ಮೇಲೆ ಇನ್ನೂ ಸ್ವಲ್ಪ ಹೆಚ್ಚು ವೇಗದಿಂದ ಹತ್ತು ಹತ್ತು ಸಲ. ನಡುನಡುವೆ ಬ್ರೇಕು ಹಾಕದೆ ಸುಮ್ಮನೆ ಓಡಿಸಿದರೆ ಗಾಳಿಗೆ ಬಿಲ್ಲೆ ಆರುತ್ತದೆ.

ಮುಂದಿನ ಬ್ರೇಕಿನ ಬಗ್ಗೆ ರಿಪೇರಿಯವರು ವಿಶೇಷವಾಗಿ ಎಚ್ಚರಿಸಿದರು. ಪಳಗುತ್ತ ಹೋದಂತೆ ಅದರ ಹಿಡಿತ ಸಲಸಲಕ್ಕೂ ಏರುತ್ತದೆ. ಮೊದಲ ಸಲದ ಬಲವನ್ನೇ ಹದಿನೈದನೆಯ ಸಲವೂ ಪ್ರಯೋಗಿಸಿದರೆ ಸವಾರ ಹಿಡಿಯ ಮೇಲಿಂದ ಮುಂದಕ್ಕೆ ಬಿದ್ದಾನು. ಆದುದರಿಂದ ಮೈಯನ್ನು ತುಸು ಹಿಂದಕ್ಕೆ ತಳ್ಳಿ, ಕೈಯನ್ನು ನೇರವಾಗಿಟ್ಟು, ತಲೆಗೆ ಹೆಲ್ಮೆಟ್ ಹಾಕಿ, ವಾಹನಗಳಿಲ್ಲದ ಕಡೆ ಹಿರಿಯರ ಎದುರಲ್ಲಿಯೇ ಇದನ್ನು ಮಾಡಬೇಕು.

ಮೊದಲ ಐದಾರು ಸಲ ಏನೂ ವ್ಯತ್ಯಾಸ ಕಾಣಲಿಲ್ಲ. ಬ್ರೇಕು ಕಿರ್ ಎಂದು ಕೂಗುತ್ತಿತ್ತು. ಎಂಟನೆಯದೋ ಒಂಬತ್ತನೆಯದೋ ಸಲ ಸದ್ದು ತಗ್ಗಿತು. ಹುಡುಗಿ ದೂರದಿಂದಲೇ “ಹಿಡಿಯುತ್ತಿದೆ ದೊಡ್ಡಪ್ಪ!” ಎಂದು ಕೂಗಿದಳು. ಹಿಂದಿನ ದಿನದ ಹೆದರಿಕೆ ಅವಳ ಮುಖದಿಂದ ಇಳಿದದ್ದು ಆಗಲೇ. ಎರಡೂ ಬ್ರೇಕುಗಳನ್ನು ಮುಗಿಸಲು ಒಂದು ಗಂಟೆಯೂ ಬೇಕಾಗಲಿಲ್ಲ.

ಶಾಖದ ಲೆಕ್ಕ

ಸಂಜೆ ಲೆಕ್ಕ ಮಾಡಿ ತೋರಿಸಿದೆ. ಮೇಷ್ಟ್ರ ಅಭ್ಯಾಸ, ಬಿಡದು. ಹುಡುಗಿಯೂ ಸೈಕಲೂ ಸೇರಿ 60 ಕಿಲೋ ಎಂದಿಟ್ಟುಕೊಳ್ಳೋಣ. ಗಂಟೆಗೆ 18 ಕಿಲೋಮೀಟರು ಎಂದರೆ ಸೆಕೆಂಡಿಗೆ 5 ಮೀಟರು. ಚಲನಶಕ್ತಿ 750 ಜೂಲ್. ಬ್ರೇಕು ಹಿಡಿದಾಗ ಈ ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ, ಶಾಖವಾಗುತ್ತದೆ. ನೂರು ಗ್ರಾಂ ತೂಕದ ಒಂದೇ ಬಿಲ್ಲೆ ಅಷ್ಟನ್ನೂ ನುಂಗಿತೆಂದರೆ ಅದರ ಉಷ್ಣತೆ ಒಂದೇ ಸಲಕ್ಕೆ ಸುಮಾರು 15 ಡಿಗ್ರಿ ಏರುತ್ತದೆ. ವೇಗ ಇಮ್ಮಡಿಯಾಗಿ 36 ಕಿಲೋಮೀಟರಾದರೆ ಶಾಖ ಇಮ್ಮಡಿಯಲ್ಲ, ನಾಲ್ಮಡಿ. 3000 ಜೂಲ್, 60 ಡಿಗ್ರಿ. ಪಳಗಿಸುವಾಗ ಮಧ್ಯಮ ವೇಗದಿಂದ ಆರಂಭಿಸಿ ಮೆಲ್ಲನೆ ಮೇಲೇರುವುದು ಇದಕ್ಕಾಗಿ. ಬ್ರೇಕು ಹಾಕಿದ ಕೂಡಲೆ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಬಾರದು ಎನ್ನುವುದೂ ಇದಕ್ಕಾಗಿಯೇ. ತಿರುಗುವ ಬಿಲ್ಲೆಯ ಹತ್ತಿರ ಚಿಕ್ಕ ಮಕ್ಕಳ ಕೈ ಹೋಗದಂತೆ ನೋಡಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಇಳಿಜಾರುಗಳಲ್ಲಿ

ಇಷ್ಟನ್ನು ಕಾಸರಗೋಡಿನ ಓದುಗರಿಗೆ ಯಾಕೆ ಹೇಳುತ್ತಿದ್ದೇನೆಂದರೆ, ಡಿಗ್ರಜದಂತಹ ಸಮತಟ್ಟಾದ ಊರಿನಲ್ಲಿಯೇ ಈ ಗತಿಯಾದರೆ ನಮ್ಮಲ್ಲಿ ಹೇಗೆ? ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಮಕ್ಕಳು ಮನೆಯ ಅಂಗಳದಿಂದ ಹೊರಟರೆ ಮೊದಲು ಸಿಗುವುದೇ ಇಳಿಜಾರು. ಅಂಗಡಿಯಿಂದ ತಂದ ಸೈಕಲನ್ನು ಅದೇ ಸಂಜೆ ಗುಡ್ಡದ ಮೇಲಿಂದ ಬಿಟ್ಟರೆ ಪಳಗದ ಬ್ರೇಕಿನ ಮೇಲೆ ಜೀವವನ್ನಿಟ್ಟಂತೆ.

ಉದ್ದ ಇಳಿಜಾರಿನಲ್ಲಿ ಹಿಡಿಯನ್ನು ಬಿಡದೆ ಸದಾ ಅರೆಬರೆಯಾಗಿ ಒತ್ತಿಕೊಂಡು ಬರುವುದು ಇನ್ನೊಂದು ತಪ್ಪು. ಆಗ ಪ್ಯಾಡು ಕಾದು ಅದರ ಮೈ ಗಾಜಿನಂತೆ ನುಣುಪಾಗಿ ಹಿಡಿತ ತಪ್ಪುತ್ತದೆ. ಒತ್ತಿ ವೇಗ ಇಳಿಸಿ, ಬಿಟ್ಟು ಆರಲು ಕೊಟ್ಟು, ಮತ್ತೆ ಒತ್ತುವುದೇ ಸರಿಯಾದ ಕ್ರಮ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣಿನ ಹರಳು ಪ್ಯಾಡಿಗೆ ಸಿಕ್ಕಿ ಬಿಲ್ಲೆಯನ್ನು ಕೊರೆಯುತ್ತದೆ. ಶುದ್ಧ ನೀರಿನಿಂದ ತೊಳೆದು ಒರಸಬೇಕು. ಸಾಂಗ್ಲಿಯ ಜನ 2019ರಲ್ಲಿ ಮತ್ತು 2021ರಲ್ಲಿ ಕೃಷ್ಣೆಯ ನೆರೆಯನ್ನು ಕಂಡವರು. ಕೆಸರಲ್ಲಿ ಮುಳುಗಿ ಎದ್ದ ಸೈಕಲಿಗೆ ಪ್ಯಾಡು ಬದಲಿಸಿ ಮೊದಲಿನಿಂದ ಪಳಗಿಸುವುದೇ ಸರಿ ಎಂದು ಆ ರಿಪೇರಿಯವರು ಹೇಳಿದರು. ಚೈನಿಗೆ ಎಣ್ಣೆ ಬಿಡುವಾಗ ಹಿಂದಿನ ಬಿಲ್ಲೆಗೆ ಬಟ್ಟೆ ಮುಚ್ಚಿರಿ. ಪ್ಯಾಡಿನ ಸವೆಯುವ ಭಾಗ ಒಂದು ಮಿಲಿಮೀಟರಿಗೆ ಇಳಿದರೆ ಬದಲಿಸಿರಿ. ಪ್ಯಾಡಾಗಲಿ ಬಿಲ್ಲೆಯಾಗಲಿ ಹೊಸತು ಹಾಕಿದಾಗಲೆಲ್ಲ ಪಳಗಿಸುವ ಕೆಲಸ ಮತ್ತೆ ಮೊದಲಿನಿಂದ.

ಇನ್ನೊಂದು ಎಚ್ಚರಿಕೆ. ಬ್ರೇಕು ಹಿಡಿಯದಿರುವುದಕ್ಕೆ ಪಳಗದಿರುವುದೊಂದೇ ಕಾರಣವಲ್ಲ. ತಂತಿ ಸಡಿಲವಾಗಿರಬಹುದು, ಇಕ್ಕಳ ಓರೆಯಾಗಿರಬಹುದು. ಹಿಡಿ ಕೈಗೆ ತಾಗುವಷ್ಟು ಒತ್ತಿದರೂ ಚಕ್ರ ತಿರುಗುತ್ತಿದ್ದರೆ ರಿಪೇರಿಯವರಿಗೆ ತೋರಿಸದೆ ಹತ್ತಬೇಡಿ.

ಮಾರುವುದೂ ಕಲಿಸುವುದೂ

ಸಾಂಗ್ಲಿ ಜಿಲ್ಲೆಯಲ್ಲಿಯೇ ಕಿರ್ಲೋಸ್ಕರವಾಡಿ ಇದೆ. ನೀರಿನ ಪಂಪುಗಳ ಮೇಲೆ ಆ ಹೆಸರನ್ನು ಎಲ್ಲರೂ ಕಂಡವರೇ. ಅದರ ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅವರ ಉದ್ಯಮದ ಆರಂಭ ಪಂಪಿನಿಂದಲ್ಲ, 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯಿಂದ. ಲಕ್ಷ್ಮಣರಾಯರು ಮುಂಬಯಿಯಿಂದ ಸೈಕಲುಗಳನ್ನು ಕಳುಹಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಬರಿದೆ ಮಾರುವುದಲ್ಲ, ಕೊಂಡವರಿಗೆ ಹತ್ತಿ ಓಡಿಸಲು ಕಲಿಸುವುದೂ ಅಂಗಡಿಯ ಕೆಲಸವೇ ಆಗಿತ್ತು. ಆಮೇಲೆ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ಹೆದರಿದ ರೈತರನ್ನು ಒಪ್ಪಿಸಿ ಮೊದಲ ನೇಗಿಲು ಮಾರುವಾಗ ಎರಡು ವರ್ಷ ಕಳೆದಿತ್ತೆಂದು ಹೇಳುತ್ತಾರೆ. ಔಂಧ್ ಸಂಸ್ಥಾನದ ರಾಜರ ಆಶ್ರಯದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು.

ಸಾಧನವನ್ನು ಕೊಡುವವನು ಅದರ ಬಳಕೆಯ ಮಾತನ್ನೂ ಕೊಳ್ಳುವವನ ಭಾಷೆಯಲ್ಲಿ ಕೊಡಬೇಕು ಎಂಬುದು ಆ ಅಂಗಡಿಗೆ ತಿಳಿದಿತ್ತು. ಇಂದು ಪೆಟ್ಟಿಗೆ ಬರುತ್ತದೆ, ಮಾತು ಬರುವುದಿಲ್ಲ. ಅಲ್ಲಿ ಮರಾಠಿಯಲ್ಲಿ, ಇಲ್ಲಿ ಮಲಯಾಳದಲ್ಲಿ ಅಂಗಡಿಯವರು ಅವಸರದಿಂದ ಎರಡು ಮಾತು ಹೇಳುತ್ತಾರೆ. ಪೇಟೆಯ ಮಲಯಾಳ ನಮ್ಮ ಮಕ್ಕಳಿಗೆ ಬರುತ್ತದೆ ನಿಜ. ಆದರೆ ಯಂತ್ರದ ಮಾತು ಬಂದಾಗ ಅರ್ಧ ತಿಳಿದು ಅರ್ಧ ಬಿಟ್ಟು ತಲೆಯಾಡಿಸುತ್ತಾರೆ. ಕೇಳಿದರೆ ನಾಚಿಕೆ ಎಂದು ಸುಮ್ಮನಿರುತ್ತಾರೆ. ಆ ತಲೆಯಾಟಕ್ಕೆ ಬೆಲೆ ತೆರುವುದು ಮೊಣಕಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ತಿಳಿಯದಿದ್ದರೆ ಇನ್ನೊಮ್ಮೆ ಕೇಳಿರಿ ಎಂದು ಮಕ್ಕಳಿಗೆ ಹೇಳಿಕೊಡುವುದು ತಂದೆತಾಯಿಗಳ ಮತ್ತು ನಮ್ಮಂತಹ ಅಧ್ಯಾಪಕರ ಕೆಲಸ.

ರಜೆ ಮುಗಿದು ಶಾಲೆ ತೆರೆದ ದಿನ ತರಗತಿಯಲ್ಲಿ ಕೇಳಿದೆ. ಡಿಸ್ಕ್ ಬ್ರೇಕಿನ ಸೈಕಲ್ ಇದ್ದವರು ಏಳು ಮಂದಿ. ಪಳಗಿಸುವ ವಿಚಾರ ಕೇಳಿದವರು ಒಬ್ಬರೂ ಇಲ್ಲ. ಮಕ್ಕಳೇ ಸೇರಿ ಕ್ರಮವನ್ನು ಆರು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಸೈಕಲ್ ನಿಲ್ಲಿಸುವ ಮಾಡಿನ ಗೋಡೆಗೆ ಅಂಟಿಸಿದರು. ಎರಡು ದಿನದ ಮೇಲೆ ನೋಡುತ್ತೇನೆ, ಮಲಯಾಳ ವಿಭಾಗದ ಹುಡುಗನೊಬ್ಬ ನಮ್ಮ ಮಕ್ಕಳಿಂದ ಅರ್ಥ ಕೇಳಿಕೊಂಡು ಅದರ ಪಕ್ಕದಲ್ಲಿಯೇ ಮಲಯಾಳದಲ್ಲಿ ಬರೆದು ಹಚ್ಚಿದ್ದಾನೆ. ಈಗ ಎರಡೂ ಕಾಗದಗಳು ಅಲ್ಲಿವೆ.

ತಮ್ಮನ ಮಗಳು ಮೊನ್ನೆ ಫೋನು ಮಾಡಿದ್ದಳು. ದಿನವೂ ಐರ್ವಿನ್ ಸೇತುವೆ ದಾಟಿ ಶಾಲೆಗೆ ಹೋಗುತ್ತಾಳಂತೆ. ಗೆಳತಿಯೊಬ್ಬಳು ಹೊಸ ಸೈಕಲ್ ತಂದಳಂತೆ. ಭಾನುವಾರ ಬೆಳಗ್ಗೆ ಅವಳನ್ನು ಅದೇ ರಸ್ತೆಗೆ ಕರೆದುಕೊಂಡು ಹೋಗಿ, ಮೊದಲು ಕೈ ತೊಳೆಸಿ, ಇಪ್ಪತ್ತು ಸಲ ಎಣಿಸಿ ಮಾಡಿಸಿದೆ ಎಂದಳು.